ನೀರು ಕಂಡು ಕಾಲಿಡಿ
ಕಡಲ ಬಂಡೆಯಲ್ಲಿ ಗಾಳ ಹಾಕುವವರ ಪ್ರಶ್ನೆಗಳಿಗೆ ಉತ್ತರ

ಬೈಂದೂರು ಕಡೆಯ ಮೀನುಗಾರರ ಕೇರಿಯಲ್ಲಿ ಹುಟ್ಟಿದವನು ನಾನು. ಹೊಟ್ಟೆಪಾಡಿಗೆ ದೋಣಿ ಎಂಜಿನ್ ರಿಪೇರಿ, 35 ವರ್ಷದಿಂದ ಅದೇ ಕೆಲಸ. ಸಂಜೆ ಗ್ರೀಸು ಮೆತ್ತಿದ ಕೈ ತೊಳೆದುಕೊಂಡು ಬಂಡೆಗೆ ಹೋಗಿ ಗಾಳ ಹಾಕುವ ಅಭ್ಯಾಸ ಅಪ್ಪನಿಂದ ಬಂದದ್ದು. ಬಂಡೆ ಗಾಳದ ಬಗ್ಗೆ ಕೇಳುವುದಿದ್ದರೆ ಬರೆಯಿರಿ ಎಂದು ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ‘ಎಲ್ಲಿ ಮೀನು ಸಿಗುತ್ತದೆ’ ಎಂದೇ ಕೇಳಿವೆ. ಅದಕ್ಕೂ ಬರುತ್ತೇನೆ. ಆದರೆ ಮೊದಲು ಉಳ್ಳಾಲದ ಹುಡುಗನ ಪತ್ರ.

ಪ್ರಶ್ನೆ: ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ಏಪ್ರಿಲ್‌ನಲ್ಲಿ ನಾವು ಮೂವರು ಗೆಳೆಯರು ಸೋಮೇಶ್ವರದ ಬಂಡೆಯ ಮೇಲೆ ಗಾಳ ಹಾಕುತ್ತಿದ್ದೆವು. ಗಾಳಿ ಇಲ್ಲ, ಮೋಡ ಇಲ್ಲ, ಕಡಲು ಕೆರೆಯ ಹಾಗಿತ್ತು. ಮುಕ್ಕಾಲು ಗಂಟೆ ಕಳೆದ ಮೇಲೆ ಇದ್ದಕ್ಕಿದ್ದಂತೆ ಒಂದು ಅಲೆ ಸೊಂಟದವರೆಗೆ ಬಂತು. ಒಬ್ಬ ಬಿದ್ದು ಮಂಡಿ ಒಡೆದುಕೊಂಡ. ಬ್ಯಾಗು, ಮೊಬೈಲು ನೀರುಪಾಲು. ಮಂಡಿ ಈಗ ವಾಸಿಯಾಗಿದೆ. ಆದರೆ ಆ ಅಲೆ ಎಲ್ಲಿಂದ ಬಂತು ಎನ್ನುವುದು ನಮಗೆ ಇನ್ನೂ ಗೊತ್ತಾಗಿಲ್ಲ. (ಓದುಗ, ಉಳ್ಳಾಲ)

ಉತ್ತರ: ತಮ್ಮಾ, ಮಂಡಿಯಲ್ಲೇ ಮುಗಿಯಿತಲ್ಲ, ನಿಮ್ಮ ಮೂವರ ಮನೆಯವರ ಪುಣ್ಯ.

ಏಪ್ರಿಲ್, ಮೇ ತಿಂಗಳಲ್ಲಿ ಗಾಳಿಯೇ ಇಲ್ಲದ ದಿನ ಬರುವ ಇಂಥ ಅಲೆ ಸಾಮಾನ್ಯವಾಗಿ ನಮ್ಮ ಊರಿನದಲ್ಲ. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ, ಭೂಮಧ್ಯರೇಖೆಯಿಂದ ಎಷ್ಟೋ ಆಚೆ, ದೊಡ್ಡ ಬಿರುಗಾಳಿ ಎದ್ದಾಗ ಅಲ್ಲಿ ಹುಟ್ಟಿದ ಅಲೆ ಸಾವಿರಾರು ಕಿಲೋಮೀಟರ್ ದಾಟಿ ಕೆಲವು ದಿನಗಳ ಮೇಲೆ ನಮ್ಮ ದಡ ಮುಟ್ಟುತ್ತದೆ. ಇಲ್ಲಿ ತೆಂಗಿನ ಗರಿ ಅಲುಗದಿದ್ದರೂ ಅದು ಬಂದೇ ಬರುತ್ತದೆ. ಕೇರಳದ ಮೀನುಗಾರರು ಇದಕ್ಕೆ ‘ಕಳ್ಳಕ್ಕಡಲ್’ ಎನ್ನುತ್ತಾರೆ. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು ಎಂದು ಅರ್ಥ. ಆ ಮೀನುಗಾರರ ಮಾತನ್ನೇ 2012ರಲ್ಲಿ ಯುನೆಸ್ಕೊ ವಿಜ್ಞಾನದ ಪದವಾಗಿ ಒಪ್ಪಿಕೊಂಡಿತು. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕರ್ನಾಟಕದ ದಡಕ್ಕೂ ಇದರ ಮುನ್ಸೂಚನೆ ಕೊಡುತ್ತದೆ. ಅವರ ‘ಸಮುದ್ರ’ ಆ್ಯಪ್ ಮೊಬೈಲಿಗೆ ಹಾಕಿಕೋ. ಎತ್ತರದ ಅಲೆಯ ಎಚ್ಚರಿಕೆ ಇದ್ದ ದಿನ ಬಂಡೆಗೆ ಹೋಗಬೇಡ, ಆಕಾಶ ಎಷ್ಟೇ ಚೆಂದ ಇರಲಿ.

ಎರಡನೆಯ ವಿಷಯ. ಅಲೆಗಳು ಗುಂಪು ಕಟ್ಟಿಕೊಂಡು ಬರುತ್ತವೆ. ಹತ್ತು ಹದಿನೈದು ನಿಮಿಷ ಬರೀ ಸಣ್ಣವು, ಆಮೇಲೆ ಬೆನ್ನುಬೆನ್ನಿಗೆ ನಾಲ್ಕೈದು ದೊಡ್ಡವು. ಸಣ್ಣವು ಬರುತ್ತಿರುವ ಹೊತ್ತಿಗೆ ನೀವು ಬಂಡೆ ಹತ್ತಿದರೆ ಕಡಲು ಇಷ್ಟೇ ಎಂದುಕೊಳ್ಳುತ್ತೀರಿ. ಏಳನೆಯ ಅಲೆ ದೊಡ್ಡದು ಎಂದು ಎಣಿಸುವವರನ್ನು ಕಂಡಿದ್ದೇನೆ. ಆ ಲೆಕ್ಕ ನಂಬಬೇಡ. ಇನ್ನು ಮರಳ ದಂಡೆಯಲ್ಲಿ ಅಲೆ ದೂರದಲ್ಲೇ ಒಡೆದು ಬೆಳ್ಳಗೆ ಕಾಣುತ್ತದೆ, ಸದ್ದು ಮಾಡುತ್ತದೆ, ಹಿಂದೆ ಸರಿಯಲು ಪುರುಸೊತ್ತು ಸಿಗುತ್ತದೆ. ಬಂಡೆಯ ಬುಡದಲ್ಲಿ ನೀರು ಆಳ. ಅಲೆ ಅಲ್ಲಿಯವರೆಗೆ ಒಡೆಯುವುದೇ ಇಲ್ಲ. ನುಣ್ಣಗೆ ಬಂದು ಬಂಡೆಗೆ ತಾಗಿ ಒಮ್ಮೆಲೇ ಮೇಲೇಳುತ್ತದೆ. ನೀವು ಬಗ್ಗಿ ಗಾಳಕ್ಕೆ ಚಟ್ಲಿ (ಸಿಗಡಿ) ಚುಚ್ಚುತ್ತಿದ್ದರೆ ಅದು ಸೊಂಟಕ್ಕೆ ಬಂದಾಗಲೇ ಗೊತ್ತಾಗುವುದು.

ನನ್ನ ಅಪ್ಪ ಬಂಡೆಗೆ ಬಂದರೆ ಮೊದಲು ಎತ್ತರದ ಒಣ ಜಾಗದಲ್ಲಿ ಕೂತು ಒಂದು ವೀಳ್ಯ ಹಾಕುತ್ತಿದ್ದರು. ಬಾಯಲ್ಲಿ ರಸ ಮುಗಿಯುವವರೆಗೆ ಗಾಳದ ಡಬ್ಬಿ ಮುಟ್ಟುತ್ತಿರಲಿಲ್ಲ. ನಾನು ಅವಸರ ಮಾಡಿದರೆ ‘ನೀರ್ ಕಾಣ್ದೆ ಕಾಲ್ ಇಡ್ಬೇಡ’ ಎಂದು ಗದರುತ್ತಿದ್ದರು. ನಾನು ವೀಳ್ಯ ಹಾಕುವುದಿಲ್ಲ, ಗಡಿಯಾರ ನೋಡಿ ಅರ್ಧ ಗಂಟೆ ಕೂರುತ್ತೇನೆ. ಆ ಅರ್ಧ ಗಂಟೆಯಲ್ಲಿ ಅತಿ ದೊಡ್ಡ ಅಲೆ ಎಲ್ಲಿಯವರೆಗೆ ಬಂತು ಎಂದು ಗುರುತು ಮಾಡಿಕೊಂಡು, ಅದಕ್ಕಿಂತ ಒಂದು ಆಳೆತ್ತರ ಮೇಲೆ ನಿಲ್ಲುತ್ತೇನೆ. ಅಷ್ಟು ಎತ್ತರದಿಂದ ಗಾಳ ಹಾಕಲು ಆಗದಿದ್ದರೆ ಆ ಬಂಡೆ ಆವತ್ತಿಗೆ ನನ್ನದಲ್ಲ.

ಬಂಡೆಯೂ ಹೇಳುತ್ತದೆ, ಹತ್ತಿರ ಹೋಗಿ ನೋಡು. ಎಲ್ಲಕ್ಕಿಂತ ಮೇಲೆ ಬೂದು ಬಣ್ಣದ ಒಣ ಕಲ್ಲು, ಕೈಯಿಟ್ಟರೆ ಬಿಸಿ, ಒರಟು. ಅದರ ಕೆಳಗೆ ಇದ್ದಿಲು ಉಜ್ಜಿದಂತೆ ಕಪ್ಪು ಪಟ್ಟಿ. ಅದರ ಕೆಳಗೆ ಬ್ಲೇಡಿನಷ್ಟು ಹರಿತವಾದ ಸಣ್ಣ ಬಿಳಿ ಚಿಪ್ಪುಗಳು, ನೀಲಿಕಲ್ಲು ಎಂಬ ಚಿಪ್ಪುಜೀವಿ, ಇನ್ನೂ ಕೆಳಗೆ ಹಸಿರು ಪಾಚಿ. ಆ ಕಪ್ಪು ಪಟ್ಟಿ ಒಣಗಿದ್ದಾಗ ಏನೂ ಅಲ್ಲ ಅನ್ನಿಸುತ್ತದೆ. ಅದು ಅಲೆಯ ಸಿಡಿತ ಮುಟ್ಟುವ ಜಾಗ, ಒಂದು ಹನಿ ಬಿದ್ದರೆ ಎಣ್ಣೆ ಸುರಿದ ಹಾಗೆ ಜಾರುತ್ತದೆ. ನಿನ್ನ ಗೆಳೆಯ ಬಿದ್ದದ್ದು ಅಲ್ಲೇ ಇರಬೇಕು ಎಂದು ನನ್ನ ಅಂದಾಜು. ಕಾಲು ಯಾವಾಗಲೂ ಬೂದು ಕಲ್ಲಿನ ಮೇಲಿರಲಿ. ಹವಾಯಿ ಚಪ್ಪಲಿ ಬೇಡವೇ ಬೇಡ. ಲೇಸು ಕಟ್ಟುವ ಶೂ ಹಾಕು. ನಾನು ಶೂಗೆ ಅಡ್ಡಲಾಗಿ ತೆಂಗಿನ ನಾರಿನ ಹಗ್ಗ ಎರಡು ಸುತ್ತು ಬಿಗಿದು ಕಟ್ಟುತ್ತೇನೆ, ಒದ್ದೆ ಕಲ್ಲಿನಲ್ಲಿ ಅದು ಹಿಡಿಯುತ್ತದೆ. ಕಡಲಿಗೆ ಬೆನ್ನು ಹಾಕಬೇಡ, ಎರೆ ಚುಚ್ಚುವುದು, ಗಂಟು ಹಾಕುವುದು ಎಲ್ಲ ಮೇಲೆ ಹೋಗಿಯೇ.

ಇಷ್ಟು ಖಂಡಿತವಾಗಿ ಹೇಳಲು ಕಾರಣ ಇದೆ. 1994ರ ನವೆಂಬರ್‌ನಲ್ಲಿ ನಾನೇ ಬಿದ್ದಿದ್ದೆ. ಕೊಕ್ಕರ್ ಮೀನು ಒಂದರ ಹಿಂದೆ ಒಂದು ಕಚ್ಚುತ್ತಿತ್ತು, ನಾನು ಒಂದೊಂದೇ ಹೆಜ್ಜೆ ಕೆಳಗಿಳಿಯುತ್ತ ಕಪ್ಪು ಪಟ್ಟಿಗೆ ಬಂದದ್ದು ಗೊತ್ತೇ ಆಗಲಿಲ್ಲ. ಅಲೆ ಹೊಡೆಯಲಿಲ್ಲ. ಮಂಡಿಯವರೆಗೆ ಬಂದು ಹಿಂದೆ ಹೋಗುವಾಗ ಕಾಲು ಎಳೆದುಕೊಂಡು ಹೋಯಿತು. ನೀರಿಗೆ ಬಿದ್ದ ಕೂಡಲೇ ಬುದ್ಧಿ ಹೇಳುವುದು ಒಂದೇ, ಬಂಡೆ ಹಿಡಿ. ಎರಡು ಸಲ ಹಿಡಿದೆ. ಎರಡು ಸಲವೂ ಅಲೆ ನನ್ನನ್ನು ಎತ್ತಿ ಆ ಚಿಪ್ಪುಗಳ ಮೇಲೆ ತಿಕ್ಕಿತು. ಎಡಗೈಯ ಗೆರೆಗಳು ಈಗಲೂ ಇವೆ. ಆಗ ಮೇಲಿನ ಬಂಡೆಯಲ್ಲಿದ್ದ ನಮ್ಮ ಕೇರಿಯ ಹಿರಿಯರೊಬ್ಬರು ಗಂಟಲು ಹರಿಯುವ ಹಾಗೆ ಕೂಗಿದರು: ‘ಕಲ್ಲಿಗ್ ಬರ್ಬೇಡಾ, ಹೊರ್ಗ್ ಹೋಗ್!’ ದಡ ಬಿಟ್ಟು ಕಡಲಿಗೆ ಹೋಗು ಎಂದರೆ ಯಾರಿಗೆ ಧೈರ್ಯ ಬರುತ್ತದೆ? ಆದರೂ ಹೋದೆ. ನೊರೆ ದಾಟಿದ ಮೇಲೆ ನೀರು ಬರೀ ಮೇಲೆ ಕೆಳಗೆ ತೂಗುತ್ತಿತ್ತು, ಹೊಡೆಯುತ್ತಿರಲಿಲ್ಲ. ಅವರು ಖಾಲಿ ಸೀಮೆಎಣ್ಣೆ ಕ್ಯಾನಿಗೆ ಮುಚ್ಚಳ ಬಿಗಿದು ಎಸೆದರು. ಅದನ್ನು ಅಪ್ಪಿಕೊಂಡು ಅಂಗಾತ ತೇಲಿದೆ. ಬಡಗು ದಿಕ್ಕಿನ ಮರಳ ದಂಡೆಯ ಹತ್ತಿರ ತಲುಪಿದಾಗ ಕತ್ತಲಾಗಿತ್ತು, ಇಬ್ಬರು ಬಂದು ಎಳೆದುಕೊಂಡರು. ಬಿದ್ದವನು ಬಂಡೆಯಿಂದ ದೂರ ಹೋಗಬೇಕು, ತೇಲಬೇಕು, ಅಲೆ ಒಡೆಯದ ಕಡೆ ಕಾಯಬೇಕು. ಮೇಲಿದ್ದವನು ಹಾರಬಾರದು, ತೇಲುವುದನ್ನು ಎಸೆಯಬೇಕು, 112ಕ್ಕೆ ಇಲ್ಲವೇ ಕರಾವಳಿ ಕಾವಲು ಪೊಲೀಸರ 1093ಕ್ಕೆ ಫೋನ್ ಮಾಡಬೇಕು. ತಟರಕ್ಷಕ ಪಡೆಯ ನಂಬರು 1554. ಮೂರನ್ನೂ ಮೊಬೈಲಿನಲ್ಲಿ ಇಟ್ಟುಕೋ. ಮೊಬೈಲು ಜಿಪ್ ಕವರಿನಲ್ಲಿರಲಿ, ಕವರು ಬ್ಯಾಗಿನಲ್ಲಲ್ಲ, ಕುತ್ತಿಗೆಯಲ್ಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ. ವರ್ಷಕ್ಕೆ ಎರಡು ಮೂರು ಸಲ ಗೋಕರ್ಣ, ಕಾಪು ಕಡೆ ಬರುತ್ತೇನೆ. ಒಳ್ಳೆಯ ರಾಡು, ರೀಲು, ಬ್ರೇಡ್ ದಾರ ಎಲ್ಲ ತಂದೆ. ಒಂದು ಸಂಜೆಗೆ ಎಂಟು ಹತ್ತು ಸೀಸದ ಗುಂಡು ಕಲ್ಲಿಗೆ ಸಿಕ್ಕಿ ಹೋಗುತ್ತದೆ. ಪಕ್ಕದಲ್ಲಿ ಬರೀ ಕೈದಾರ ಹಿಡಿದ ಹಿರಿಯರು ಮೀನು ಎಳೆಯುತ್ತಿರುತ್ತಾರೆ. ನಾನು ಎಲ್ಲಿ ತಪ್ಪುತ್ತಿದ್ದೇನೆ? (ಓದುಗ, ಬೆಂಗಳೂರು)

ಉತ್ತರ: ನೀವು ಬಹಳ ದೂರ ಎಸೆಯುತ್ತಿದ್ದೀರಿ. ಹೊಸ ರಾಡು ಕೈಗೆ ಬಂದವರೆಲ್ಲ ಹಾಗೇ. ಬಂಡೆಯ ಮೀನು ಬಂಡೆಯ ಬುಡದಲ್ಲೇ ಇರುತ್ತದೆ. ಅಲೆ ಕಲ್ಲಿಗೆ ಬಡಿದಾಗ ಸಣ್ಣ ಏಡಿ, ಚಿಪ್ಪಿನ ಹುಳ ಎಲ್ಲ ಕಳಚಿ ಬೀಳುತ್ತವೆ, ನೊರೆಯ ಅಂಚಿನಲ್ಲಿ ಮೀನು ಅದಕ್ಕೇ ಕಾಯುತ್ತದೆ. ಬಿಳಿ ನೀರು ಮುಗಿದು ಹಸಿರು ನೀರು ಶುರುವಾಗುವ ಗೆರೆ ಇದೆಯಲ್ಲ, ಅಲ್ಲಿ ಹಾಕಿ. ಹತ್ತು ಹದಿನೈದು ಮೀಟರ್ ಸಾಕು. ಮುರು, ಕೆಂಬೇರಿ ಮೀನು ಸಿಗುವುದು ಅಲ್ಲೇ. ಕಾಣೆ ಮೀನು ಬೇಕಿದ್ದರೆ ಎರಡು ಬಂಡೆಯ ನಡುವಿನ ಮರಳು ಹುಡುಕಿ, ಅದು ಕಲ್ಲಿನ ಮೀನಲ್ಲ.

ಸೀಸ ಕಳೆಯುವುದಕ್ಕೆ ಮದ್ದು ಹೇಳುತ್ತೇನೆ. ನಮ್ಮ ವರ್ಕ್‌ಶಾಪಿನಲ್ಲಿ ಸುಟ್ಟ ಸ್ಪಾರ್ಕ್ ಪ್ಲಗ್ಗಿಗೆ ಬರವಿಲ್ಲ, ಒಂದೊಂದು ಸುಮಾರು 50 ಗ್ರಾಂ ತೂಗುತ್ತದೆ. ವರ್ಷಗಟ್ಟಲೆ ಅದನ್ನೇ ಕಟ್ಟಿದ್ದೇನೆ. ಈಗ ಕಬ್ಬಿಣವನ್ನು ಕಡಲಿಗೆ ಬಿಡಲು ಮನಸ್ಸು ಬರುವುದಿಲ್ಲ. ಹಳೆ ಬನಿಯನ್ ಬಟ್ಟೆಯಲ್ಲಿ ಮುಷ್ಟಿ ಮರಳು ಹಾಕಿ ನಿಂಬೆಹಣ್ಣಿನ ಗಾತ್ರಕ್ಕೆ ಗಂಟು ಕಟ್ಟುತ್ತೇನೆ. ಭಾರ ಯಾವುದಾದರೂ ಇರಲಿ, ಕಟ್ಟುವ ಕ್ರಮ ಮುಖ್ಯ. ದೊಡ್ಡ ತಂಗೂಸು (ನೈಲಾನ್ ದಾರ) 0.45 ಮಿಲಿಮೀಟರ್ ಇದ್ದರೆ ಭಾರಕ್ಕೆ ಕಟ್ಟುವ ತಂಗೂಸು 0.25 ಇರಲಿ, ಒಂದು ಗೇಣು ಉದ್ದ. ಭಾರ ತುದಿಯಲ್ಲಿ, ಗಾಳ ಅದಕ್ಕಿಂತ ಒಂದು ಮೊಳ ಮೇಲೆ. ಕಲ್ಲಿಗೆ ಸಿಕ್ಕುವುದು ಹೆಚ್ಚಾಗಿ ಭಾರವೇ. ಎಳೆದರೆ ಸಣ್ಣ ತಂಗೂಸು ಮೊದಲು ಹರಿಯುತ್ತದೆ, ಗಾಳ ವಾಪಸು ಬರುತ್ತದೆ, ಅದರಲ್ಲಿ ಮೀನಿದ್ದರೆ ಮೀನೂ ಬರುತ್ತದೆ.

ಬ್ರೇಡ್ ದಾರಕ್ಕೆ ಬಲ ಇದೆ, ಆದರೆ ಕಲ್ಲಿನ ಚಿಪ್ಪಿಗೆ ತಾಗಿದರೆ ಬ್ಲೇಡಿಗೆ ತಾಗಿದ ಹಾಗೆ. ಕೊನೆಯ ಎರಡು ಮಾರು ದಪ್ಪ ತಂಗೂಸು ಸೇರಿಸಿ. ಗಾಳಕ್ಕೆ ಗಂಟು ಹಾಕುವಾಗ ತಂಗೂಸನ್ನು ತೂತಿನಲ್ಲಿ ತೂರಿಸಿ, ತನ್ನ ಮೇಲೆ ತಾನೇ ಐದು ಸುತ್ತು ಸುತ್ತಿ, ತುದಿಯನ್ನು ಗಾಳದ ಹತ್ತಿರದ ಸಣ್ಣ ಕುಣಿಕೆಯಲ್ಲಿ ತೂರಿಸಿ. ಎಳೆಯುವ ಮೊದಲು ಬಾಯಲ್ಲಿಟ್ಟು ಒದ್ದೆ ಮಾಡಿ. ಒಣ ತಂಗೂಸು ಬಿಗಿಯುವಾಗ ಬಿಸಿಯಾಗಿ ಸುರುಟಿಕೊಳ್ಳುತ್ತದೆ, ಮೀನು ಎಳೆದಾಗ ಅಲ್ಲೇ ಹರಿಯುತ್ತದೆ. ಒದ್ದೆ ಗಂಟು ಒಂದರ ಪಕ್ಕ ಒಂದು ಸುರುಳಿ ಕೂತು ಸ್ಪ್ರಿಂಗಿನ ಹಾಗೆ ಕಾಣುತ್ತದೆ. ಹಾಗೆ ಕಾಣದಿದ್ದರೆ ಕತ್ತರಿಸಿ ಮತ್ತೆ ಹಾಕಿ.

ಎರೆಗೆ ಚಟ್ಲಿಗಿಂತ ಉತ್ತಮ ಇಲ್ಲ, ಆದರೆ ಸಣ್ಣ ಮೀನು ಕುಕ್ಕಿ ಕುಕ್ಕಿ ಖಾಲಿ ಮಾಡುತ್ತವೆ. ಆಗ ಬೊಂಡಾಸಿನ (ಸ್ಕ್ವಿಡ್) ಪಟ್ಟಿ ಹಾಕಿ, ಗಟ್ಟಿ ಮಾಂಸ, ಬೇಗ ಕಳಚುವುದಿಲ್ಲ. ಬೈಗೆ ಮೀನಿನ ತುಂಡಾದರೆ ಹೊಲಿಗೆ ದಾರ ನಾಲ್ಕು ಸುತ್ತು ಸುತ್ತಿ.

ಮುರು ಕಚ್ಚಿದರೆ ಎರಡನೇ ಉಸಿರಿಗೆ ಕಲ್ಲಿನ ಪೊಟರೆಗೆ ನುಗ್ಗುತ್ತದೆ. ಮೊದಲ ಎಳೆತದಲ್ಲೇ ನೆಲ ಬಿಡಿಸಬೇಕು. ಒಳಗೆ ಹೋಗಿ ಕಿವಿರು ಅಗಲಿಸಿ ಕೂತುಬಿಟ್ಟರೆ ಎಳೆದು ಪ್ರಯೋಜನ ಇಲ್ಲ, ತಂಗೂಸು ಹರಿಯುತ್ತದೆ ಅಷ್ಟೆ. ದಾರ ಪೂರ್ತಿ ಸಡಿಲ ಬಿಟ್ಟು ಐದು ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ. ಎಳೆತ ಇಲ್ಲ ಎಂದು ಅದಕ್ಕೆ ಅನ್ನಿಸಿದರೆ ತಾನೇ ಹೊರಗೆ ಬರುತ್ತದೆ, ದಾರ ನಿಧಾನ ಸರಿಯತೊಡಗಿದಾಗ ಒಮ್ಮೆ ಗಟ್ಟಿಯಾಗಿ ಎತ್ತಿ. ಎತ್ತಿದ ಮೀನು ಕೆಳಗಿನ ಕಲ್ಲಿಗೆ ಬಿದ್ದರೆ ಅದನ್ನು ಹಿಡಿಯಲು ಇಳಿಯಬೇಡಿ. ಉದ್ದ ಬಿದಿರಿಗೆ ಕೊಕ್ಕೆ ಕಟ್ಟಿ ಇಟ್ಟುಕೊಳ್ಳಿ, ಸಿಕ್ಕಿದರೆ ಸಿಕ್ಕಿತು. ಬಂಡೆಯಿಂದ ಬಿದ್ದವರಲ್ಲಿ ನಾನು ಕಂಡ ಹೆಚ್ಚಿನವರು ಬಿದ್ದದ್ದು ಮೀನು ಕಚ್ಚಿದ ಮೇಲೆಯೇ, ಕಾಯುವಾಗ ಅಲ್ಲ.

ಇನ್ನು ಗಾಳ ಹಾಕುವ ಹೊತ್ತು. ಇಳಿತ ಮುಗಿದು ಭರತ (ಉಬ್ಬರ) ಏರತೊಡಗುವ ಮೊದಲ ಎರಡು ಗಂಟೆ, ಅದು ಮುಂಜಾವಿಗೋ ಮುಸ್ಸಂಜೆಗೋ ಕೂಡಿ ಬಂದರೆ ಬಹಳ ಒಳ್ಳೆಯದು. ದಿನಕ್ಕೆ ಸುಮಾರು 50 ನಿಮಿಷ ಭರತ ತಡವಾಗುತ್ತ ಹೋಗುತ್ತದೆ, ಹಾಗಾಗಿ ಹೋದ ವಾರದ ಹೊತ್ತು ಈ ವಾರಕ್ಕೆ ಆಗುವುದಿಲ್ಲ. ಹುಣ್ಣಿಮೆ, ಅಮಾಸೆಗೆ ನಮ್ಮ ಕಡೆ ನೀರು ಸುಮಾರು ಒಂದೂವರೆ ಮೀಟರ್ ಏರಿಳಿಯುತ್ತದೆ, ಕಾರವಾರದತ್ತ ಹೋದ ಹಾಗೆ ಇನ್ನೂ ಸ್ವಲ್ಪ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಪಂಚಾಂಗ ಗೋಡೆಯ ಮೇಲೆ ಎಲ್ಲರ ಮನೆಯಲ್ಲೂ ಇದೆ, ಗಾಳ ಹಾಕುವವನು ತಿಥಿ ನೋಡದೆ ಹೊರಡಬಾರದು. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭದ ಬಂಡೆಯ ಸುತ್ತಮುತ್ತ ಇಳಿತದಲ್ಲಿ ಮರಳಿನ ಮೇಲೆ ನಡೆದು ಹೋಗಿ ಗಾಳ ಹಾಕುತ್ತೀರಿ. ಭರತಕ್ಕೆ ಅದೇ ದಾರಿಯಲ್ಲಿ ನೀರು ತುಂಬುತ್ತದೆ. ಮೀನು ಕಚ್ಚುವ ಹೊತ್ತೂ ನೀರು ಏರುವ ಹೊತ್ತೂ ಒಂದೇ ಆದ್ದರಿಂದ ವಾಪಸು ಬರುವ ದಾರಿಯ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳಿ. ಆ ಕಲ್ಲಿನ ಬುಡಕ್ಕೆ ನೀರು ಬಂತೆಂದರೆ ಏಳಬೇಕು, ಎಂಥ ಮೀನು ಕಚ್ಚುತ್ತಿದ್ದರೂ. ಗೋಕರ್ಣ, ಕುಮಟಾ ಕಡೆಯ ಗುಡ್ಡಗಳಲ್ಲಿ ಇನ್ನೊಂದು ಅಪಾಯ ಇದೆ. ಮೇಲಿನ ಪದರ ಮುರಕಲ್ಲು (ಜಂಬಿಟ್ಟಿಗೆ), ಅಂಚು ಗಟ್ಟಿ ಕಂಡರೂ ಅಡಿಯಲ್ಲಿ ಮಣ್ಣು ಕೊಚ್ಚಿಹೋಗಿ ಟೊಳ್ಳಾಗಿರುತ್ತದೆ. ಅಂಚಿನಲ್ಲಿ ನಿಂತು ಗಾಳ ಬೀಸಬೇಡಿ.

ಎಲ್ಲಿ ಸಿಗುತ್ತದೆ ಎಂದು ಕೇಳಿದ ಉಳಿದವರಿಗೂ ಇದೇ ಉತ್ತರ. ನಾನು ಊರು, ಬಂಡೆಯ ಹೆಸರು ಬರೆದರೆ ಮುಂದಿನ ಭಾನುವಾರ ಆ ನೀರು ಗೊತ್ತಿಲ್ಲದವರು ಅಲ್ಲಿ ನಿಂತಿರುತ್ತಾರೆ. ಆ ಊರಿನ ಹಿರಿಯರ ಹತ್ತಿರ ಕೂತು ಕೇಳಿ, ಹೇಳುತ್ತಾರೆ. ಆ ಕೈದಾರದ ಅಜ್ಜನನ್ನೇ ಕೇಳಬಹುದಿತ್ತು ನೀವು.

ಪ್ರಶ್ನೆ: ಗಂಗೊಳ್ಳಿ, ಮರವಂತೆ ಕಡೆ ಹೊಸ ತಡೆಗೋಡೆಗಳ ಟೆಟ್ರಾಪಾಡ್ ಮೇಲೆ ಕೂತು ಗಾಳ ಹಾಕುವವರು ಹೆಚ್ಚಾಗಿದ್ದಾರೆ. ಬಂಡೆಗಿಂತ ಅದು ಸುರಕ್ಷಿತ ಅಲ್ಲವೇ? ಸಿಮೆಂಟಿನದು, ಅಲ್ಲಾಡುವುದಿಲ್ಲ. (ಓದುಗ, ಕುಂದಾಪುರ)

ಉತ್ತರ: ಅಲ್ಲ. ಬಂಡೆಗಿಂತ ಕೆಟ್ಟದ್ದು. ಆ ನಾಲ್ಕು ಕಾಲಿನ ಸಿಮೆಂಟ್ ಗುಂಡುಗಳನ್ನು ಒಂದರ ಮೇಲೊಂದು ರಾಶಿ ಹಾಕುವುದೇ ನಡುವೆ ಟೊಳ್ಳು ಬಿಡಲು, ಅಲೆ ಆ ಟೊಳ್ಳಿಗೆ ನುಗ್ಗಿ ಬಲ ಕಳೆದುಕೊಳ್ಳಲಿ ಎಂದು. ಕಾಲು ಜಾರಿದವನು ಹೋಗುವುದೂ ಅದೇ ಟೊಳ್ಳಿಗೆ. ಕೆಳಗೆ ಕತ್ತಲು, ಸುತ್ತ ದುಂಡಗಿನ ನುಣುಪು ಸಿಮೆಂಟು, ಹಿಡಿಯಲು ಒಂದು ಬಿರುಕಿಲ್ಲ, ಪ್ರತಿ ಅಲೆಗೂ ನೀರು ಮೇಲೇರುತ್ತದೆ. ಮೇಲಿದ್ದವರಿಗೆ ಕೂಗು ಕೇಳಿಸುವುದೂ ಕಷ್ಟ. ಗೋಡೆಯ ಮೇಲಿನ ಸಮತಟ್ಟು ದಾರಿಯಿಂದ, ಒಳಗಿನ ನದಿಯ ಬದಿಗೆ ಗಾಳ ಹಾಕಿ. ಪಂಚಗಂಗಾವಳಿಯ ಅಳಿವೆಯಲ್ಲಿ ಕುರುಡಿ ಮೀನು ಬರುವುದೂ ಆ ಬದಿಗೇ. ಟೆಟ್ರಾಪಾಡ್ ಮೇಲೆ ಮಕ್ಕಳನ್ನು ಕೂರಿಸಿಕೊಂಡ ಅಪ್ಪಂದಿರನ್ನು ನೋಡುತ್ತೇನೆ, ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪ್ರಶ್ನೆ: ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧ ಇರುವಾಗ ದಡದಿಂದ ಗಾಳ ಹಾಕಬಹುದೇ? (ಓದುಗ, ಭಟ್ಕಳ)

ಉತ್ತರ: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಿಷೇಧ ಇರುವುದು ಯಾಂತ್ರೀಕೃತ ದೋಣಿಗಳಿಗೆ, 10 ಎಚ್‌ಪಿ ಮೀರಿದ ಎಂಜಿನ್ನಿಗೆ. ಕೈಗಾಳಕ್ಕೆ ಅದು ತಾಗುವುದಿಲ್ಲ. ಆದರೆ ಆ ಎರಡು ತಿಂಗಳು, ಆಗಸ್ಟ್ ಸೇರಿಸಿ ಮೂರು ತಿಂಗಳು, ನಾನು ಕಡಲ ಬಂಡೆಗೆ ಕಾಲಿಡುವುದಿಲ್ಲ. ಹೊಳೆಗೆ ಹೋಗುತ್ತೇನೆ. ಸೌಪರ್ಣಿಕಾದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದಲ್ಲಿ, ಕೊಡೆ ಹಿಡಿದು ಕೂತರೆ ಕೆಂಬೇರಿ ಮರಿ ಕಚ್ಚುತ್ತದೆ. ಮರಿಯನ್ನು ವಾಪಸು ಬಿಡಿ. ಸೆಪ್ಟೆಂಬರ್ ಕೊನೆಗೆ ಕೆಂಪು ನೀರು ತಿಳಿಯಾದ ಮೇಲೆ ಬಂಡೆಗೆ ಹೊರಡಬಹುದು.

ಪ್ರಶ್ನೆ: ಗಾಳಕ್ಕೆ ಹೊಟ್ಟೆ ಚೆಂಡಿನ ಹಾಗೆ ಉಬ್ಬಿಸಿಕೊಳ್ಳುವ ಮೀನು ಆಗಾಗ ಬೀಳುತ್ತದೆ. ತಿನ್ನಬಹುದೇ? ಇನ್ನೊಂದು, ಶೇಡೆ ಮೀನಿನ ಮುಳ್ಳು ಚುಚ್ಚಿದರೆ ಏನು ಮಾಡಬೇಕು? (ಓದುಗ, ಅಂಕೋಲಾ)

ಉತ್ತರ: ಉಬ್ಬುವ ಮೀನನ್ನು ತಿನ್ನಲೇಬಾರದು, ಬೆಕ್ಕಿಗೂ ಹಾಕಬಾರದು. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ತುಟಿ ಜೋಮು ಹಿಡಿಯುವುದರಿಂದ ಶುರುವಾಗಿ ಉಸಿರು ನಿಲ್ಲುವವರೆಗೆ ಹೋಗುತ್ತದೆ, ಅದಕ್ಕೆ ಪ್ರತಿವಿಷ ಇಲ್ಲ. ಶೇಡೆ, ತೊರಕೆ ಮೀನಿನ ಮುಳ್ಳು ಚುಚ್ಚಿದರೆ ಕೈಯನ್ನು ತಡೆದುಕೊಳ್ಳುವಷ್ಟು ಬಿಸಿ ನೀರಿನಲ್ಲಿ, ಚರ್ಮ ಸುಡದ ಹಾಗೆ, ಅರ್ಧ ಗಂಟೆಯಿಂದ ಒಂದು ಗಂಟೆ ಇಡಿ. ಆ ವಿಷ ಬಿಸಿಗೆ ಕೆಡುತ್ತದೆ, ನೋವು ಇಳಿಯುತ್ತದೆ. ನೀರು ಬಿಸಿಯೋ ಎಂದು ಚುಚ್ಚದ ಕೈಯಿಂದ ನೋಡಿ. ಮುಳ್ಳು ಮುರಿದು ಒಳಗೆ ಉಳಿದಿದ್ದರೆ, ಎದೆ ಹೊಟ್ಟೆಗೆ ಚುಚ್ಚಿದ್ದರೆ ನೇರ ಆಸ್ಪತ್ರೆಗೆ. ಟಿ.ಟಿ. ಇಂಜೆಕ್ಷನ್ ಮರೆಯಬೇಡಿ. ನಾನು ಬಂಡೆಗೆ ಒಯ್ಯುವ ಫ್ಲಾಸ್ಕಿನಲ್ಲಿ ಚಹಾ ಇರುವುದಿಲ್ಲ, ಬಿಸಿ ನೀರಿರುತ್ತದೆ.

ಪ್ರಶ್ನೆ: ಕುಂದಾಪುರದವನು, 12 ವರ್ಷದಿಂದ ಸಿಡ್ನಿಯಲ್ಲಿದ್ದೇನೆ. ಇಲ್ಲಿ ಬಂಡೆಯಲ್ಲಿ ಗಾಳ ಹಾಕುವವರು ಲೈಫ್ ಜಾಕೆಟ್ ಹಾಕಲೇಬೇಕೆಂದು 2016ರಲ್ಲಿ ಕಾನೂನು ಮಾಡಿದರು, ಗೊತ್ತುಪಡಿಸಿದ ಜಾಗಗಳಲ್ಲಿ ಹಾಕದಿದ್ದರೆ ದಂಡ. ಕೆಲವು ಬಂಡೆಗಳಲ್ಲಿ ಕಂಬ ನೆಟ್ಟು ತೇಲುವ ಬಳೆ ತೂಗುಹಾಕಿದ್ದಾರೆ, ಬಿದ್ದವರಿಗೆ ಯಾರಾದರೂ ಎಸೆಯಲಿ ಎಂದು. ನಮ್ಮೂರಲ್ಲಿ ಇದು ಸಾಧ್ಯವೇ? ರಜೆಗೆ ಬಂದಾಗ ಜಾಕೆಟ್ ಹಾಕಿದರೆ ಅಣ್ಣನ ಮಕ್ಕಳು ನಗುತ್ತಾರೆ. (ಓದುಗ, ಸಿಡ್ನಿ)

ಉತ್ತರ: ಹಾಕಿಕೊಂಡೇ ಬನ್ನಿ, ಬರುವಾಗ ಅಣ್ಣನ ಮಕ್ಕಳಿಗೂ ಒಂದೊಂದು ತನ್ನಿ. ಈಜು ಬರುತ್ತದೆ, ಜಾಕೆಟ್ ಯಾಕೆ ಎನ್ನುವ ಮಾತು ನಮ್ಮ ಕೇರಿಯಲ್ಲೂ ಇದೆ. ನನಗೂ ಈಜು ಬರುತ್ತಿತ್ತು 1994ರಲ್ಲಿ. ತಲೆ ಕಲ್ಲಿಗೆ ತಾಗಿದವನಿಗೆ ಈಜು ನೆನಪಿರುವುದಿಲ್ಲ. ಆ ತೇಲುವ ಬಳೆಯ ಸಂಗತಿ ನನಗೆ ಬಹಳ ಹಿಡಿಸಿತು. ಜನ ಗಾಳ ಹಾಕುವ ಬಂಡೆ ಯಾವುದು ಎಂದು ಪ್ರತಿ ಊರಿನ ಪಂಚಾಯಿತಿಗೂ ಗೊತ್ತು. ಒಂದು ಕಂಬ, ಒಂದು ಟ್ಯೂಬು, 20 ಮೀಟರ್ ಹಗ್ಗ, ಇದಕ್ಕೆ ದೊಡ್ಡ ಹಣ ಬೇಡ. ನಮ್ಮ ಕೇರಿಯ ಯುವಕ ಮಂಡಲದವರ ಹತ್ತಿರ ಈ ಪತ್ರ ಓದಿ ಹೇಳಿದ್ದೇನೆ. ನೀವೂ ಒಂದು ಫೋಟೊ ತೆಗೆದು ಕಳಿಸಿ, ಕಂಬ ಎಷ್ಟೆತ್ತರ, ಬಳೆ ಹೇಗೆ ಸಿಕ್ಕಿಸಿದ್ದಾರೆ ಎಂದು ಕಾಣುವ ಹಾಗೆ.

ಪ್ರಶ್ನೆ: ನಮ್ಮ ಮನೆಯವರು ಹಗಲು ರಿಕ್ಷಾ ಓಡಿಸುತ್ತಾರೆ. ವಾರದಲ್ಲಿ ನಾಲ್ಕು ರಾತ್ರಿ ಗಾಳಕ್ಕೆ ಹೋಗುತ್ತಾರೆ. ಅದೊಂದೇ ಅವರಿಗೆ ಸಂತೋಷ, ಬೇಡ ಅನ್ನಲು ನನಗೂ ಮನಸ್ಸಿಲ್ಲ. ಆದರೆ ಬರುವವರೆಗೆ ನಿದ್ದೆ ಬರುವುದಿಲ್ಲ. ಎಲ್ಲಿ ಹೋಗ್ತೀರಿ ಎಂದರೆ ‘ಇಲ್ಲೇ’ ಅನ್ನುತ್ತಾರೆ. ನಾನು ಏನು ಕೇಳಬೇಕು, ಏನು ಮಾಡಬೇಕು ಹೇಳಿ ಅಣ್ಣ. (ಓದುಗಳು, ಕುಮಟಾ)

ಉತ್ತರ: ತಂಗೀ, ಈ ತಿಂಗಳು ಬಂದ ಪತ್ರಗಳಲ್ಲಿ ನಿನ್ನದನ್ನು ನಾನು ಮೂರು ಸಲ ಓದಿದೆ. ನನ್ನ ಹೆಂಡತಿಗೂ ಓದಿ ಹೇಳಿದೆ. ಮುಂದಿನದು ಅರ್ಧ ಅವಳ ಮಾತು.

‘ಎಲ್ಲಿ’ ಎಂದು ಕೇಳಬೇಡ, ‘ಯಾವ ಬಂಡೆ, ಯಾರ ಜೊತೆ, ಎಷ್ಟು ಹೊತ್ತಿಗೆ ವಾಪಸು’ ಎಂದು ಕೇಳು. ಮೂರಕ್ಕೂ ಉತ್ತರ ಬಾರದೆ ಬುತ್ತಿ ಕಟ್ಟಬೇಡ. ಒಬ್ಬರೇ ಎಂದರೆ ಬೇಡ ಎನ್ನು, ಇದೊಂದರಲ್ಲಿ ನೀನು ಗಟ್ಟಿಯಾಗಿ ನಿಲ್ಲಬೇಕು. ನನ್ನನ್ನು ಆವತ್ತು ಉಳಿಸಿದ್ದು ನನ್ನ ಈಜಲ್ಲ, ಮೇಲಿನ ಬಂಡೆಯಲ್ಲಿ ಇನ್ನೊಬ್ಬರಿದ್ದದ್ದು. ಜೊತೆಗೆ ಹೋಗುವವರ ಮನೆಯ ಫೋನ್ ನಂಬರು ನಿನ್ನ ಹತ್ತಿರ ಇರಲಿ, ನಿನ್ನದು ಅವರ ಹತ್ತಿರ. ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೀರಿದರೆ, ಫೋನ್ ತೆಗೆಯದಿದ್ದರೆ, ಬೆಳಗಾಗಲಿ ಎಂದು ಕಾಯಬೇಡ. 1093ಕ್ಕೆ ಮಾಡು, ಬಂಡೆಯ ಹೆಸರು ಹೇಳು. ಸುಮ್ಮನೆ ಕರೆದ ಹಾಗಾಗುತ್ತದೆ ಎಂಬ ನಾಚಿಕೆ ಬೇಡ.

ನಿನ್ನ ಗಂಡನಿಗೂ ಒಂದು ಮಾತು, ಓದಿ ಹೇಳು. ಅಣ್ಣ, ರಾತ್ರಿ ಗಾಳಕ್ಕೆ ಬೆಲೆ ಇದೆ, ಗೊತ್ತು, ದೊಡ್ಡ ಕೆಂಬೇರಿ ಕತ್ತಲಲ್ಲೇ ಬರುತ್ತದೆ. ಆದರೆ ಬಂಡೆಗೆ ತಲುಪುವುದು ಬೆಳಕಿರುವಾಗ ಆಗಲಿ. ಕತ್ತಲಲ್ಲಿ ಹೋದರೆ ನೀರು ಎಲ್ಲಿಯವರೆಗೆ ಬರುತ್ತಿದೆ ಎಂದು ನೋಡುವುದು ಹೇಗೆ? ಹಗಲು ಪೂರ್ತಿ ರಿಕ್ಷಾ ಓಡಿಸಿ ದಣಿದವರು ಬಂಡೆಯ ಮೇಲೆ ತೂಕಡಿಸುತ್ತಾರೆ. ವಾರಕ್ಕೆ ನಾಲ್ಕು ರಾತ್ರಿಯನ್ನು ಎರಡು ಮಾಡಿ, ಭರತ ಸಂಜೆಗೆ ಏರುವ ದಿನಗಳನ್ನು ಆರಿಸಿಕೊಳ್ಳಿ. ಹಣೆಗೆ ಕಟ್ಟುವ ಟಾರ್ಚು ಎರಡು ಇರಲಿ. ಕಡಲು ನೀಲಿಯಾಗಿ ಹೊಳೆಯುವ ರಾತ್ರಿ ಮನೆಯಲ್ಲೇ ಇರಿ. ಆವತ್ತು ತಂಗೂಸು ಅಲುಗಿದಲ್ಲೆಲ್ಲ ನೀರು ಬೆಳಗುತ್ತದೆ, ಮೀನು ಹತ್ತಿರ ಸುಳಿಯುವುದಿಲ್ಲ, ನಿಮಗೇ ಗೊತ್ತಿರುವ ಸಂಗತಿ.

ತಂಗೀ, ಕೊನೆಯದಾಗಿ ಒಂದು ಕೆಲಸ. ಅಡುಗೆ ಎಣ್ಣೆಯ 5 ಲೀಟರ್ ಖಾಲಿ ಕ್ಯಾನು ಒಂದು ತೊಳೆದು ಒಣಗಿಸು. ಮುಚ್ಚಳ ಬಿಗಿದು ಹಾಕಿ, ಹಿಡಿಕೆಗೆ 20 ಮೀಟರ್ ನೈಲಾನ್ ಹಗ್ಗ ಕಟ್ಟು. ಹಗ್ಗದ ಇನ್ನೊಂದು ತುದಿಯಲ್ಲಿ ಕೈ ತೂರುವಷ್ಟು ಕುಣಿಕೆ ಇರಲಿ. ಎಸೆಯುವಾಗ ಕ್ಯಾನು ಗಾಳಿಗೆ ಹಾರಿಹೋಗದಂತೆ ಒಳಗೆ ಒಂದು ಲೋಟ ನೀರು ಹಾಕು. ಹಗ್ಗವನ್ನು ಗಂಟು ಬೀಳದ ಹಾಗೆ ಸುರುಳಿ ಸುತ್ತಿ ಕ್ಯಾನಿನ ಮೇಲಿಡು. ನನ್ನ ಹೆಂಡತಿ ಇದನ್ನು 1994ರ ಆ ವಾರವೇ ಮಾಡಿದಳು. ಕ್ಯಾನು ಮೂರು ನಾಲ್ಕು ಸಲ ಬದಲಾಗಿದೆ. ಅವಳು ಅದನ್ನು ಗಾಳದ ಚೀಲದ ಪಕ್ಕ ಇಡುವುದಿಲ್ಲ, ಅಲ್ಲಿಟ್ಟರೆ ನಾನು ಮರೆಯುತ್ತೇನೆ. ಹೊರಬಾಗಿಲಲ್ಲಿ, ನನ್ನ ಶೂಗಳ ಮೇಲೆ ಇಡುತ್ತಾಳೆ. ಅದನ್ನು ಕೈಗೆತ್ತಿಕೊಳ್ಳದೆ ಶೂ ಹಾಕಲು ಆಗುವುದಿಲ್ಲ.